ಶೆಡ್ ಮುಂದೆ ಮೈಕ್ ಹಿಡಿಯುವವರಿಗೆ: ಕನ್ನಡ ಸುದ್ದಿ ವಾಹಿನಿಗಳ ಸಂಪಾದಕರಿಗೊಂದು ಬಹಿರಂಗ ಪತ್ರ

ಮಾನ್ಯ ಸಂಪಾದಕರೇ, ಆಂಕರ್‌ಗಳೇ, ವರದಿಗಾರ ಮಿತ್ರರೇ,

ನಮಸ್ಕಾರ. ನಾನು ಸಿಂಧನೂರು ತಾಲ್ಲೂಕಿನವನು, ಬೆಂಗಳೂರಿಗೆ ಬಂದು ಬಹಳ ವರ್ಷವಾಯಿತು. ನಮ್ಮ ಮನೆಯಲ್ಲಿ ಸಂಜೆ ಟಿವಿ ಹಚ್ಚಿದರೆ ನಿಮ್ಮ ವಾಹಿನಿಗಳೇ ಓಡುತ್ತವೆ. ತುಂಗಭದ್ರಾ ಡ್ಯಾಂಗೆ ಎಷ್ಟು ನೀರು ಬಂತು ಅನ್ನುವುದನ್ನು ಇವತ್ತಿಗೂ ನಿಮ್ಮಲ್ಲೇ ನೋಡುತ್ತೇನೆ. ಟಿವಿಯನ್ನೇ ನೋಡದೆ ಟಿವಿಯವರನ್ನು ಬೈಯುವವರ ಪತ್ರ ಇದಲ್ಲ. ನನ್ನ ತಕರಾರು ಒಂದೇ ವಿಷಯದ್ದು. ವಲಸೆ ಬಂದವರ ಬಗ್ಗೆ, ಅದರಲ್ಲೂ ‘ಬಾಂಗ್ಲಾ ನುಸುಳುಕೋರರು’ ಎಂಬ ತಲೆಬರಹದಡಿ ನೀವು ಮಾಡುವ ಸಂದರ್ಶನಗಳಲ್ಲಿ ಗಟ್ಟಿ ಪ್ರಶ್ನೆಗಳೆಲ್ಲ ಬಡವನಿಗೆ ಹೋಗುತ್ತವೆ. ಉತ್ತರ ಕೊಡಬೇಕಾದವರು ಯಾವ ಪ್ರಶ್ನೆಯೂ ಇಲ್ಲದೆ ಮಾತಾಡಿ ಎದ್ದು ಹೋಗುತ್ತಾರೆ.

ವರದಿ ಹೆಚ್ಚು ಕಡಿಮೆ ಹೀಗಿರುತ್ತದೆ. ಬೆಳಗ್ಗೆ ಏಳರ ಹೊತ್ತು. ವರದಿಗಾರ, ಕ್ಯಾಮೆರಾಮನ್ ತಗಡಿನ ಶೆಡ್‌ಗಳ ಓಣಿಗೆ ನುಗ್ಗುತ್ತಾರೆ. ಒಬ್ಬಾಕೆ ನೀಲಿ ಡ್ರಮ್ಮಿನ ಪಕ್ಕ ಕೂತು ಪಾತ್ರೆ ತಿಕ್ಕುತ್ತಿರುತ್ತಾಳೆ. ಮೈಕ್ ನೇರ ಅವಳ ಮುಖಕ್ಕೆ. “ಎಲ್ಲಿಂದ ಬಂದೆ? ಯಾವೂರು? ಆಧಾರ್ ಎಲ್ಲಿ, ತೋರ್ಸು.” ಆಕೆ ಸೆರಗು ಎಳೆದುಕೊಂಡು ಒಳಗೆ ಹೋಗುತ್ತಾಳೆ. ತಕ್ಷಣ ವರದಿಗಾರ ಕ್ಯಾಮೆರಾ ಕಡೆ ತಿರುಗಿ, “ನೋಡಿ ವೀಕ್ಷಕರೇ, ಕ್ಯಾಮೆರಾ ಕಂಡ ಕೂಡಲೇ ಓಡಿ ಹೋಗುತ್ತಿದ್ದಾರೆ” ಅನ್ನುತ್ತಾನೆ. ಅಲ್ಲ ಸ್ವಾಮಿ, ಬೆಳಗ್ಗೆ ಏಳಕ್ಕೆ ಕೇಳದೆ ಹೇಳದೆ ಕ್ಯಾಮೆರಾ ಮನೆ ಬಾಗಿಲಿಗೆ ಬಂದರೆ ಯಾರು ತಾನೇ ಒಳಗೆ ಹೋಗುವುದಿಲ್ಲ? ಜಯನಗರದವರೂ ಹೋಗುತ್ತಾರೆ.

ಆಮೇಲೆ ಒಬ್ಬ ಹುಡುಗ ಸಿಗುತ್ತಾನೆ. ಜೇಬಿನಿಂದ ಆಧಾರ್ ತೆಗೆದು ತೋರಿಸುತ್ತಾನೆ. ಕ್ಯಾಮೆರಾ ಕಾರ್ಡಿನ ಹತ್ತಿರ ಹೋಗುತ್ತದೆ. ಅವನ ಹೆಸರು, ಊರು, ನಂಬರು ಎಲ್ಲ ತೆರೆ ಮೇಲೆ. “ಇದು ಅಸಲಿಯೋ ನಕಲಿಯೋ ಅನ್ನುವುದು ತನಿಖೆಯಾಗಬೇಕಿದೆ.” ಕಾರ್ಡ್ ಇಲ್ಲದಿದ್ದರೆ ಅಕ್ರಮ ವಲಸಿಗ, ಇದ್ದರೆ ನಕಲಿ ಕಾರ್ಡ್. ಅವನು ಏನು ಉತ್ತರ ಕೊಟ್ಟಿದ್ದರೆ ಪಾಸಾಗುತ್ತಿದ್ದ, ನೀವೇ ಹೇಳಿ. ಉತ್ತರ ಏನೇ ಬಂದರೂ ಕೆಂಪು ಪಟ್ಟಿಯ ಮೇಲಿನ ಬರಹ ಬದಲಾಗುವುದಿಲ್ಲ ಅಂದ ಮೇಲೆ ಅದನ್ನು ಸಂದರ್ಶನ ಅನ್ನುವುದು ಹೇಗೆ?

ಆಧಾರ್ ಮಾತು ಬಂದಿದ್ದಕ್ಕೆ ಹೇಳುತ್ತೇನೆ. ಆಧಾರ್ ಪೌರತ್ವದ ಪುರಾವೆ ಅಲ್ಲ. 2016ರ ಆಧಾರ್ ಕಾಯ್ದೆಯ 9ನೇ ಸೆಕ್ಷನ್ನಿನಲ್ಲೇ ಅದು ಸ್ಪಷ್ಟವಾಗಿದೆ. ಅದು ಸಿಗುವುದು ಇಲ್ಲಿ ವಾಸ ಇರುವವರಿಗೆ. ಕಾನೂನುಬದ್ಧವಾಗಿ ಬಂದು ನೆಲೆಸಿದ ವಿದೇಶಿಯರಿಗೂ ಸಿಗುತ್ತದೆ. ಅಂದರೆ ನಿಮ್ಮ ವರದಿಗಾರ ಓಣಿಯಲ್ಲಿ ಗಂಟೆಗಟ್ಟಲೆ ತಪಾಸಣೆ ಮಾಡುವ ಕಾರ್ಡಿನಿಂದ ಯಾರು ಯಾವ ದೇಶದವರು ಅನ್ನುವುದು ಗೊತ್ತಾಗುವುದೇ ಇಲ್ಲ. ಇಷ್ಟು ವರ್ಷ ಇದೇ ಬೀಟ್ ಮಾಡಿದವರಿಗೆ ಇದು ಗೊತ್ತಿರುವುದಿಲ್ಲವಾ?

“ಪೌರತ್ವ ಸಾಬೀತು ಮಾಡುವುದು ಅವರ ಹೊಣೆ ಅಲ್ವಾ?” ಎಂದು ನೀವು ಕೇಳಬಹುದು. ಹೌದು. 1946ರ ವಿದೇಶಿಯರ ಕಾಯ್ದೆಯಲ್ಲಿ ಹೊಣೆ ಆ ವ್ಯಕ್ತಿಯ ಮೇಲೇ ಇತ್ತು. ಅದರ ಜಾಗಕ್ಕೆ ಬಂದ 2025ರ ಹೊಸ ಕಾಯ್ದೆಯಲ್ಲೂ ಹಾಗೇ ಇದೆ. ಆದರೆ ಆ ಹೊಣೆ ಇರುವುದು ಸರ್ಕಾರದ ಅಧಿಕಾರಿಯ ಮುಂದೆ, ಕೋರ್ಟಿನ ಮುಂದೆ. ಅಲ್ಲಿ ಕಾಗದ ತರಲು ಸಮಯ ಇರುತ್ತದೆ, ವಕೀಲ ಇಟ್ಟುಕೊಳ್ಳಬಹುದು, ಆದೇಶ ತಪ್ಪಿದರೆ ಮೇಲೆ ಹೋಗಬಹುದು. ಪಾತ್ರೆ ತಿಕ್ಕುತ್ತಿದ್ದ ಹೆಂಗಸು ಚಾನೆಲ್ಲಿನ ಮೈಕಿಗೆ ಅದನ್ನು ಸಾಬೀತು ಮಾಡಬೇಕು ಅಂತ ಯಾವ ಕಾಯ್ದೆಯೂ ಹೇಳಿಲ್ಲ.

ಈಗ ಸ್ಟುಡಿಯೊಗೆ ಬನ್ನಿ. ರಾತ್ರಿ ಒಂಬತ್ತರ ಚರ್ಚೆ. ತೆರೆಯ ಮೇಲೆ ಆರು ಕಿಟಕಿ. ಒಂದರಲ್ಲಿ ಶಾಸಕರು, ಒಂದರಲ್ಲಿ ಪಕ್ಷದ ವಕ್ತಾರರು, ಒಂದರಲ್ಲಿ ನಿವೃತ್ತ ಪೊಲೀಸ್ ಅಧಿಕಾರಿ. ಆ ಓಣಿಯವರು ಒಬ್ಬರೂ ಇಲ್ಲ. ಬೆಳಗ್ಗೆ “ತೋರ್ಸು” ಅಂದಿದ್ದ ಅದೇ ವಾಹಿನಿ ರಾತ್ರಿ “ಹೇಳಿ ಸರ್” ಅನ್ನುತ್ತದೆ. ಸರ್ ಹೇಳುತ್ತಾರೆ: “ಬೆಂಗಳೂರಿನಲ್ಲಿ ಲಕ್ಷಗಟ್ಟಲೆ ಅಕ್ರಮ ವಲಸಿಗರಿದ್ದಾರೆ.” ಆಂಕರ್ ಗಾಬರಿ ಆದವರಂತೆ ಕಣ್ಣು ಅಗಲಿಸುತ್ತಾರೆ. “ಈ ಲೆಕ್ಕ ಎಲ್ಲಿಂದ ಬಂತು ಸರ್?” ಅನ್ನುವ ಒಂದು ಪ್ರಶ್ನೆ ಬರಲಿ ಅಂತ ನಾನು ಸೋಫಾದ ಅಂಚಿನಲ್ಲಿ ಕೂತು ಕಾಯುತ್ತೇನೆ. ಬರುವುದಿಲ್ಲ. ಬ್ರೇಕ್ ಬರುತ್ತದೆ.

ಆ ಪ್ರಶ್ನೆಗೆ ಬೆಲೆ ಇದೆ. ಒಂದು ಉದಾಹರಣೆ ಕೊಡುತ್ತೇನೆ. ಮ್ಯಾನ್ಮಾರ್‌ನಿಂದ ಓಡಿ ಬಂದ ರೋಹಿಂಗ್ಯಾಗಳ ವಿಷಯದಲ್ಲಿ 2021ರ ಅಕ್ಟೋಬರ್‌ನಲ್ಲಿ ನಮ್ಮ ರಾಜ್ಯ ಸರ್ಕಾರವೇ ಸುಪ್ರೀಂ ಕೋರ್ಟಿಗೆ ಒಂದು ಪ್ರಮಾಣಪತ್ರ ಸಲ್ಲಿಸಿತು. ಬೆಂಗಳೂರು ನಗರದಲ್ಲಿ ಗುರುತಿಸಲಾದ ರೋಹಿಂಗ್ಯಾಗಳು 72 ಮಂದಿ, ಅವರನ್ನು ತಕ್ಷಣ ಗಡಿಪಾರು ಮಾಡುವ ಯೋಜನೆ ಇಲ್ಲ ಎಂದು ಅದರಲ್ಲಿತ್ತು. ಕೆಲವೇ ದಿನಗಳಲ್ಲಿ ಸರ್ಕಾರ ಅದನ್ನು ಬದಲಿಸಿ ಬೇರೆ ಪ್ರಮಾಣಪತ್ರ ಕೊಟ್ಟಿತು, ನಿಲುವು ಬದಲಾಯಿತು. ಆ ಬದಲಾವಣೆ ಏಕಾಯಿತು? ಪೊಲೀಸರು ಗುರುತಿಸಿದ್ದಕ್ಕಿಂತ ಜಾಸ್ತಿ ಜನ ಇದ್ದರೆ ಪತ್ತೆ ಏಕಾಗಿಲ್ಲ? ಇವು ಗೃಹ ಸಚಿವರಿಗೆ ಕೇಳುವ ಪ್ರಶ್ನೆಗಳು, ಅಲ್ವಾ? ನುಸುಳುಕೋರರ ಬಗ್ಗೆ ನಿಜಕ್ಕೂ ಚಿಂತೆ ಇರುವ ವೀಕ್ಷಕನಿಗೂ ಬೇಕಾದದ್ದು ಇದೇ ಉತ್ತರ.

ಕರಿಯಮ್ಮನ ಅಗ್ರಹಾರ ನಿಮಗೆಲ್ಲ ನೆನಪಿರಬೇಕು. ಬೆಳ್ಳಂದೂರು ಕಡೆ, ದೊಡ್ಡ ಅಪಾರ್ಟ್‌ಮೆಂಟ್‌ಗಳ ಮಗ್ಗುಲಿಗೇ ಇದ್ದ ಶೆಡ್‌ಗಳು. 2020ರ ಜನವರಿಯಲ್ಲಿ ಅಲ್ಲಿನ ಶಾಸಕರು ಒಂದು ವಿಡಿಯೊ ಹಂಚಿಕೊಂಡು, ಇಲ್ಲಿರುವವರು ಅಕ್ರಮ ಬಾಂಗ್ಲಾದೇಶಿಗಳಿರಬಹುದು ಎಂದು ಶಂಕೆ ಹೇಳಿದರು. ಒಂದೇ ವಾರದಲ್ಲಿ ಜೆಸಿಬಿ ಬಂತು. ಪೊಲೀಸರ ಕಣ್ಣೆದುರೇ ಶೆಡ್‌ಗಳು ಚಪ್ಪಟೆಯಾದವು. ಅಲ್ಲಿದ್ದವರು ಅದೇ ಅಪಾರ್ಟ್‌ಮೆಂಟ್‌ಗಳಲ್ಲಿ ಮನೆಗೆಲಸ ಮಾಡುವವರು, ಸೆಕ್ಯೂರಿಟಿ ಗಾರ್ಡ್‌ಗಳು, ಹೌಸ್‌ಕೀಪಿಂಗ್‌ನವರು. ಅಸ್ಸಾಂ, ತ್ರಿಪುರಾ, ಪಶ್ಚಿಮ ಬಂಗಾಳದವರಿದ್ದರು. ಜತೆಗೆ ನಮ್ಮ ಉತ್ತರ ಕರ್ನಾಟಕದವರೂ ಇದ್ದರು. ಅಚ್ಚ ಕನ್ನಡದಲ್ಲಿ ಅಳುತ್ತಿದ್ದ ‘ಬಾಂಗ್ಲಾದೇಶಿ’ಗಳು!

ಪಿಯುಸಿಎಲ್ ಎಂಬ ನಾಗರಿಕ ಹಕ್ಕುಗಳ ಸಂಘಟನೆ ಹೈಕೋರ್ಟಿಗೆ ಹೋಯಿತು. ಆಗಿನ ಮುಖ್ಯ ನ್ಯಾಯಮೂರ್ತಿ ಅಭಯ್ ಶ್ರೀನಿವಾಸ್ ಓಕಾ ಅವರ ಪೀಠ ಮೊದಲು ತೆರವಿಗೆ ತಡೆ ಕೊಟ್ಟಿತು. ಮುಂದೆ ಆ ತೆರವು ಕಾನೂನುಬಾಹಿರ ಎಂದಿತು, ಪುನರ್ವಸತಿ ಸರ್ಕಾರದ ಹೊಣೆ ಎಂದಿತು. ಬಿಬಿಎಂಪಿ ಆಯುಕ್ತರು ಇದಕ್ಕೆ ನಮ್ಮ ಒಪ್ಪಿಗೆ ಇರಲಿಲ್ಲ ಅಂದರು. ಇದೆಲ್ಲ ದಾಖಲೆಯಲ್ಲಿದೆ. ನಾನು ಕೇಳುವುದು ಇಷ್ಟೇ: ‘ಅಕ್ರಮ ವಲಸಿಗರ ಅಡ್ಡೆ’ ಅಂತ ಪಟ್ಟಿ ಓಡಿಸಿದವರಲ್ಲಿ ಎಷ್ಟು ಮಂದಿ ಹೈಕೋರ್ಟಿನ ಆದೇಶವನ್ನು ಅದೇ ದಪ್ಪ ಅಕ್ಷರದಲ್ಲಿ ಓಡಿಸಿದಿರಿ? ಅದೇ ಓಣಿಗೆ ವಾಪಸ್ ಹೋಗಿ, ಮೈಕ್ ಹಿಡಿದು, “ಅಮ್ಮಾ, ನಾವು ಅವತ್ತು ಹೀಗಂದಿದ್ದೆವು, ನೀವೇನಂತೀರಿ?” ಎಂದು ಕೇಳಿದವರು ಯಾರಾದರೂ ಇದ್ದೀರಾ?

ಇದು ನನಗೆ ಸುಮ್ನೆ ನೋಡಿ ಮರೆಯುವ ಸುದ್ದಿಯಲ್ಲ. ನಮ್ಮ ಕಡೆ ಮಳೆ ಕೈಕೊಟ್ಟರೆ ಜನ ಗುಳೆ ಹೊರಡುತ್ತಾರೆ. ರಾಯಚೂರು, ಯಾದಗಿರಿ, ಕಲಬುರಗಿ, ಕೊಪ್ಪಳ, ಎಲ್ಲ ಕಡೆಯ ಕಥೆ ಇದೇ. ಮನೆಗೆ ಬೀಗ ಹಾಕಿ, ಮುದುಕರನ್ನು ಊರಲ್ಲಿ ಬಿಟ್ಟು, ಮಕ್ಕಳನ್ನು ಕಟ್ಟಿಕೊಂಡು, ಮೇಸ್ತ್ರಿ ಹೇಳಿದ ಬಸ್ಸು ಹತ್ತುತ್ತಾರೆ. ಬೆಂಗಳೂರಿನಲ್ಲಿ ಕಟ್ಟಡ ಏಳುವ ಕಡೆಯೆಲ್ಲ ಅವರ ಶೆಡ್ ಏಳುತ್ತದೆ. ರೇಷನ್ ಕಾರ್ಡು ಊರಲ್ಲಿ, ಓಟು ಊರಲ್ಲಿ, ದುಡಿಮೆ ಇಲ್ಲಿ. ಕಾಗದಪತ್ರ ಕೇಳಿದರೆ ಟ್ರಂಕಿನಲ್ಲಿದೆ, ಟ್ರಂಕು ಊರಲ್ಲಿದೆ. ಅವರ ಪಕ್ಕದ ಶೆಡ್ಡಿನಲ್ಲಿ ಪಶ್ಚಿಮ ಬಂಗಾಳದ ಮಾಲ್ಡಾದಿಂದಲೋ ಅಸ್ಸಾಮಿನ ಸಿಲ್ಚಾರ್‌ನಿಂದಲೋ ಬಂದವನು ಇರುತ್ತಾನೆ. ಅವನ ಸ್ಥಿತಿಯೂ ಹೀಗೇ. ಒಂದೇ ನೀರಿನ ಟ್ಯಾಂಕರಿಗೆ ಇಬ್ಬರೂ ಕೊಡ ಹಿಡಿದು ನಿಲ್ಲುತ್ತಾರೆ. ನಿಮ್ಮ ಕ್ಯಾಮೆರಾ ಬಂದಾಗ ಮಾತ್ರ ಒಬ್ಬ ‘ನಮ್ಮವ’, ಒಬ್ಬ ‘ನುಸುಳುಕೋರ’. ಜೆಸಿಬಿಗೆ ಅಷ್ಟು ವ್ಯತ್ಯಾಸವೂ ಗೊತ್ತಾಗುವುದಿಲ್ಲ.

ಬಂಗಾಳಿ ಮಾತಾಡಿದವರೆಲ್ಲ ಬಾಂಗ್ಲಾದವರು ಅನ್ನುವ ಲೆಕ್ಕ ನಿಮ್ಮಲ್ಲಿ ಎಲ್ಲಿಂದ ಬಂತೋ ಗೊತ್ತಿಲ್ಲ. ಪಶ್ಚಿಮ ಬಂಗಾಳ ಬಿಡಿ, ತ್ರಿಪುರಾದಲ್ಲಿ, ಅಸ್ಸಾಮಿನ ಬರಾಕ್ ಕಣಿವೆಯಲ್ಲಿ ಜನ ಮನೆಯಲ್ಲಿ ಆಡುವುದೇ ಬಂಗಾಳಿ. ನಾನು ಬಂಗಾಳಿ ಮೊದಲು ಕೇಳಿದ್ದು ಸಿಂಧನೂರು ಸಂತೆಯಲ್ಲಿ. ಪೂರ್ವ ಪಾಕಿಸ್ತಾನದಿಂದ ಓಡಿ ಬಂದ ಕುಟುಂಬಗಳಿಗೆ ಅರ್ಧ ಶತಮಾನದ ಹಿಂದೆ ನಮ್ಮ ತಾಲ್ಲೂಕಿನಲ್ಲಿ ಜಮೀನು ಕೊಟ್ಟು ಕೂರಿಸಿದರು. ಅವರಿರುವ ಆರ್.ಎಚ್. ಕ್ಯಾಂಪ್ ಅಂದರೆ ನಮ್ಮ ಕಡೆ ಎಲ್ಲರಿಗೂ ಗೊತ್ತು. ಅವರೂ ಕಾಲುವೆ ನೀರಿಗೆ ಕಾಯುತ್ತಾರೆ, ಭತ್ತದ ರೇಟಿಗೆ ಬೈಯುತ್ತಾರೆ, ನಮ್ಮಂತೆಯೇ. ಅವರಲ್ಲಿ ಕೆಲವರಿಗೆ ಪೌರತ್ವದ ಪ್ರಮಾಣಪತ್ರ ಕೈಗೆ ಬಂದದ್ದು 2024ರಲ್ಲಿ, ಪೌರತ್ವ ತಿದ್ದುಪಡಿ ಕಾಯ್ದೆಯಡಿ. ಇಲ್ಲಿ ಹುಟ್ಟಿ ಬೆಳೆದ ಮಕ್ಕಳು ಅಪ್ಪ ಅಮ್ಮನ ಕಾಗದಕ್ಕೆ ಅಷ್ಟು ವರ್ಷ ಕಾದರು. ಆವತ್ತು ನೀವು ಹೋಗಿ ಮಾತಾಡಿಸಿದಿರಿ, ಸಂತೋಷ. “ಕಾಯ್ದೆಗೆ ಥ್ಯಾಂಕ್ಸ್ ಹೇಳ್ತೀರಾ?” ಅನ್ನುವುದೊಂದೇ ಪ್ರಶ್ನೆ ಅನ್ನುವಂತೆ ಮಾತಾಡಿಸದಿದ್ದರೆ ಇನ್ನೂ ಚೆನ್ನಾಗಿರುತ್ತಿತ್ತು. ಅಷ್ಟು ವರ್ಷ ಹೇಗೆ ಬದುಕಿದಿರಿ, ಜಾತಿ ಪ್ರಮಾಣಪತ್ರಕ್ಕೆ ಏನು ಮಾಡಿದಿರಿ, ಉಳಿದವರ ಅರ್ಜಿ ಎಲ್ಲಿ ನಿಂತಿದೆ? ಕೇಳಲು ಬೇಕಾದಷ್ಟಿತ್ತು.

ಇನ್ನು ಬೈಲುಕುಪ್ಪೆ. 1960ರ ದಶಕದ ಶುರುವಿನಿಂದ ಅಲ್ಲಿ ಟಿಬೆಟನ್ನರಿದ್ದಾರೆ. ಮುಂಡಗೋಡಿನಲ್ಲಿದ್ದಾರೆ, ಹುಣಸೂರು ಕಡೆ, ಕೊಳ್ಳೇಗಾಲ ಕಡೆ ಇದ್ದಾರೆ. ಅವರಲ್ಲಿ ಬಹಳ ಜನ ಕಾನೂನಿನ ಲೆಕ್ಕದಲ್ಲಿ ಇಂದಿಗೂ ವಿದೇಶಿಯರೇ. ನೋಂದಣಿ ಪುಸ್ತಕ ಇಟ್ಟುಕೊಂಡು, ಅದನ್ನು ನವೀಕರಿಸುತ್ತಾ ಇರುತ್ತಾರೆ. ಆದರೆ ನಿಮ್ಮ ವರದಿಗಾರ ಅಲ್ಲಿಗೆ ಹೋದರೆ ಗೋಲ್ಡನ್ ಟೆಂಪಲ್, ಮೊಮೊ, ಲೋಸಾರ್ ಹಬ್ಬ. “ಕನ್ನಡ ಎಷ್ಟು ಚೆನ್ನಾಗಿ ಮಾತಾಡ್ತೀರಿ!” ಅಂತ ಹೊಗಳಿಕೆ. ಆ ಪ್ರೀತಿ ಒಳ್ಳೆಯದೇ, ಅದನ್ನು ಕಿತ್ತುಕೊಳ್ಳಿ ಅನ್ನುತ್ತಿಲ್ಲ. ಅದೇ ವರದಿಗಾರ ಬೆಳ್ಳಂದೂರಿಗೆ ಬಂದಾಗ ದನಿ ಏಕೆ ಬದಲಾಗುತ್ತದೆ ಅನ್ನುವುದನ್ನು ನಿಮ್ಮ ಬೆಳಗಿನ ಮೀಟಿಂಗಿನಲ್ಲಿ ಒಮ್ಮೆ ಮಾತಾಡಿ. ಉತ್ತರ ನಿಮಗೂ ಗೊತ್ತು, ನನಗೂ ಗೊತ್ತು.

ಅಕ್ರಮವಾಗಿ ಗಡಿ ದಾಟಿ ಬಂದವರು ಇಲ್ಲವೇ ಇಲ್ಲ ಅಂತ ನಾನು ಹೇಳುತ್ತಿಲ್ಲ. ಇದ್ದಾರೆ. ಅವರಿಗೆ ಕಾರ್ಡು ಮಾಡಿಸಿಕೊಡುವ ದಲ್ಲಾಳಿಗಳಿದ್ದಾರೆ, ಕಡಿಮೆ ಕೂಲಿಗೆ ಇಟ್ಟುಕೊಳ್ಳುವ ಗುತ್ತಿಗೆದಾರರಿದ್ದಾರೆ, ಶೆಡ್ ಬಾಡಿಗೆ ಎಣಿಸುವ ಜಾಗದ ಮಾಲೀಕರಿದ್ದಾರೆ. ಮಾಲೀಕರು ಹೆಚ್ಚಾಗಿ ಇಲ್ಲಿನವರೇ. ಅವರ ಸಂದರ್ಶನ ನಾನು ನೋಡಿಲ್ಲ. ಇದನ್ನೆಲ್ಲ ಪತ್ತೆ ಮಾಡಿ ತೋರಿಸಿದರೆ ನಾನೇ ಮೊದಲು ಚಪ್ಪಾಳೆ ಹೊಡೆಯುತ್ತೇನೆ.

ವಲಸಿಗರ ಪರ ಸುದ್ದಿ ಮಾಡುವ ಮಾಧ್ಯಮದವರ ತಪ್ಪೂ ಇದೆ. ಕೆಲವು ಕಡೆ, ಮುಖ್ಯವಾಗಿ ಇಂಗ್ಲಿಷಿನಲ್ಲಿ, ವಲಸಿಗರೆಂದರೆ ಅಳುವ ತಾಯಿ, ಹರಿದ ಪುಸ್ತಕ ಹಿಡಿದ ಮಗು, ಹಿಂದೆ ಪಿಟೀಲು. ಅವರಿಗೂ ಯಾವ ಪ್ರಶ್ನೆಯೂ ಇಲ್ಲ. ಅಕ್ಕಪಕ್ಕದ ನಿವಾಸಿ ನೀರಿನ ಬಗ್ಗೆ, ಕಸದ ಬಗ್ಗೆ, ಕೂಲಿ ಇಳಿದ ಬಗ್ಗೆ ಮಾತೆತ್ತಿದರೆ ಅವನನ್ನು ಕೂಡಲೇ ದ್ವೇಷದ ಖಾತೆಗೆ ಜಮಾ ಮಾಡುತ್ತಾರೆ. ಆ ನಿವಾಸಿ ಅಲ್ಲಿಂದ ಎದ್ದು ನಿಮ್ಮ ಚಾನೆಲ್ಲಿಗೇ ಬರುತ್ತಾನೆ.

ಈ ವಿಷಯದಲ್ಲಿ ಪೆಟ್ಟು ತಿಂದು ಕಲಿಯಲು ನೋಡಿದವರಿದ್ದಾರೆ. ಬ್ರಿಟನ್ನಿನಲ್ಲಿ 2020ರ ಆಗಸ್ಟ್‌ನಲ್ಲಿ ಫ್ರಾನ್ಸ್ ಕಡೆಯ ಇಂಗ್ಲಿಷ್ ಕಡಲ್ಗಾಲುವೆಯಲ್ಲಿ, ರಬ್ಬರ್ ದೋಣಿಯೊಳಗಿನ ನೀರು ಎತ್ತಿ ಚೆಲ್ಲುತ್ತಿದ್ದ ವಲಸಿಗರ ಪಕ್ಕಕ್ಕೇ ಬಿಬಿಸಿ ಮತ್ತು ಸ್ಕೈ ವರದಿಗಾರರು ಬೋಟಿನಲ್ಲಿ ಹೋಗಿ ಲೈವ್ ಮಾಡಿದರು. ಎಲ್ಲಿಯವರು ಅಂತ ಬೋಟಿನಿಂದಲೇ ಕೂಗಿ ಕೇಳಿದ್ದೂ ಆಯಿತು. ಮುಳುಗುತ್ತಿರಬಹುದಾದವರನ್ನು ಸಂದರ್ಶನ ಮಾಡುವುದಾ ಅಂತ ಅಲ್ಲಿ ದೊಡ್ಡ ಗಲಾಟೆಯಾಯಿತು. ಅದಕ್ಕೂ ಮುಂಚೆ, 2013ರಲ್ಲಿ, ಬಿಬಿಸಿಯ ಮೇಲ್ವಿಚಾರಣೆ ನೋಡುತ್ತಿದ್ದ ಟ್ರಸ್ಟ್ ಮಾಡಿಸಿದ ಒಂದು ಪರಿಶೀಲನೆ ಇನ್ನೊಂದು ಬದಿಯ ತಪ್ಪು ಹಿಡಿದಿತ್ತು: ವಲಸೆ ಬಗ್ಗೆ ಸಾಮಾನ್ಯ ಜನರಲ್ಲಿದ್ದ ಆತಂಕವನ್ನು ತೆರೆಗೆ ತರಲು ಬಿಬಿಸಿ ತಡಮಾಡಿತು ಎಂದು. 2024ರಲ್ಲಿ ವಲಸೆ ಸುದ್ದಿಯೊಂದನ್ನೇ ಹಿಡಿದು ಮತ್ತೊಂದು ವರದಿ ಬಂತು. ಬರೆದವರು ಆಕ್ಸ್‌ಫರ್ಡ್‌ನ ವಲಸೆ ಅಧ್ಯಯನ ಕೇಂದ್ರದ ಮೆಡಲೀನ್ ಸಂಪ್ಷನ್. ಸುದ್ದಿಯೆಲ್ಲ ಪಾರ್ಲಿಮೆಂಟಿನ ರಾಜಕೀಯದ ಸುತ್ತಲೇ ತಿರುಗುತ್ತದೆ, ವಲಸೆ ಬಂದವರ ದನಿಯೂ ಅವರ ನೆರೆಹೊರೆಯವರ ದನಿಯೂ ಕಡಿಮೆ ಎಂಬುದು ಅದರ ದೂರು. ಅದನ್ನು ಬಿಬಿಸಿ ತಾನೇ ಪ್ರಕಟಿಸಿತು. ಬಿಬಿಸಿ ಇದರಿಂದ ಸುಧಾರಿಸಿತಾ ಇಲ್ಲವಾ, ಅದು ಅಲ್ಲಿನವರ ಜಗಳ. ಹೊರಗಿನವರನ್ನು ಕರೆದು ‘ನಮ್ಮ ಟೇಪುಗಳನ್ನು ನೋಡಿ, ತಪ್ಪು ಹೇಳಿ’ ಅಂದದ್ದು ನನಗೆ ಮುಖ್ಯ. ಕನ್ನಡದಲ್ಲಿ ಯಾವ ವಾಹಿನಿ ಈ ಕೆಲಸಕ್ಕೆ ಮೊದಲು ಕೈ ಎತ್ತುತ್ತದೆ?

ನಿಯಮ ನಮ್ಮಲ್ಲೂ ಇದೆ, ಇಲ್ಲ ಅಂತಲ್ಲ. 1994ರ ಕೇಬಲ್ ಟೆಲಿವಿಷನ್ ನಿಯಮಗಳ 6ನೇ ನಿಯಮ, ಸುಳ್ಳು ಕೊಂಕುಮಾತು ಮತ್ತು ಅರ್ಧಸತ್ಯ ಇರುವ ಕಾರ್ಯಕ್ರಮ ಪ್ರಸಾರ ಮಾಡಬಾರದು ಅನ್ನುತ್ತದೆ. ‘ಅಕ್ರಮ ವಲಸಿಗರ ಅಡ್ಡೆ?’ ಎಂದು ಕೊನೆಗೊಂದು ಪ್ರಶ್ನಾರ್ಥಕ ಚಿಹ್ನೆ ಹಾಕಿ ತಪ್ಪಿಸಿಕೊಳ್ಳುತ್ತೀರಲ್ಲ, ಅದಕ್ಕೆ ಈ ನಿಯಮಕ್ಕಿಂತ ಒಳ್ಳೆಯ ಕನ್ನಡಿ ಬೇಕಾ? ನಿಮ್ಮದೇ ಸಂಘದ ನಿಯಂತ್ರಣ ಪ್ರಾಧಿಕಾರ 2021ರ ಜೂನ್‌ನಲ್ಲಿ, ಕೊರೊನಾ ಶುರುವಿನ ಹೊತ್ತಿನ ತಬ್ಲೀಗಿ ಜಮಾತ್ ಸುದ್ದಿಯ ವಿಷಯದಲ್ಲಿ ಎರಡು ಕನ್ನಡ ವಾಹಿನಿಗಳಿಗೆ ದಂಡ ಹಾಕಿತ್ತು. ಒಂದಕ್ಕೆ 1 ಲಕ್ಷ ರೂಪಾಯಿ, ಇನ್ನೊಂದಕ್ಕೆ 50 ಸಾವಿರ. ಯಾವ ವಾಹಿನಿಗಳು ಅಂತ ನಿಮಗೆ ನೆನಪಿದೆ. ಒಂದು ಜಾಹೀರಾತು ಬ್ರೇಕಿನ ದುಡ್ಡದು. ದಂಡ ಬೀಳುವಷ್ಟರಲ್ಲಿ ಆ ಸುದ್ದಿ ಪ್ರಸಾರವಾಗಿ ಒಂದು ವರ್ಷ ದಾಟಿತ್ತು.

ದೂರಿನ ಕಥೆಯೂ ಅಷ್ಟೇ. ಆ ಪ್ರಾಧಿಕಾರದ ನಿಯಮದಂತೆ, ಪ್ರಸಾರವಾದ ಏಳು ದಿನದೊಳಗೆ ವಾಹಿನಿಗೆ ಲಿಖಿತ ದೂರು ಕೊಡಬೇಕು. ಜೆಸಿಬಿ ಬಂದು ಹೋದ ಮೇಲೆ, ಪ್ಲಾಸ್ಟಿಕ್ ಹೊದ್ದು ಫುಟ್‌ಪಾತಿನಲ್ಲಿ ಕೂತವನು ಏಳು ದಿನದೊಳಗೆ ಯಾರಿಗೆ, ಯಾವ ಭಾಷೆಯಲ್ಲಿ, ಯಾವ ಇಮೇಲಿನಿಂದ ದೂರು ಬರೆಯಬೇಕು? ಕಳೆದ ವರ್ಷಗಳಲ್ಲಿ ನಾನೂ ಒಂದು ವಾಹಿನಿಗೆ ಬರೆದು ನೋಡಿದ್ದೇನೆ. ‘ನಿಮ್ಮ ಅಭಿಪ್ರಾಯಕ್ಕೆ ಧನ್ಯವಾದ’ ಎಂದು ಬಂತು. ನಾನು ಅಭಿಪ್ರಾಯ ಹೇಳಿರಲಿಲ್ಲ. ಒಂದು ಓಣಿಯ ಹೆಸರು ತಪ್ಪಾಗಿದೆ, ಬೇರೆ ಓಣಿಯವರಿಗೆ ತೊಂದರೆಯಾಗುತ್ತದೆ ಎಂದಿದ್ದೆ.

ತಪ್ಪು ಆದರೆ ಎಷ್ಟು ದೂರ ಹೋಗುತ್ತದೆ ಅನ್ನುವುದಕ್ಕೆ ಹಳೆಯ ಉದಾಹರಣೆ ಬೇಕಿಲ್ಲ. 2025ರ ಜೂನ್‌ನಲ್ಲಿ ದೆಹಲಿಯಲ್ಲಿ ಕೆಲಸ ಮಾಡಿಕೊಂಡಿದ್ದ ಪಶ್ಚಿಮ ಬಂಗಾಳದ ಬೀರ್‌ಭೂಮ್ ಜಿಲ್ಲೆಯ ಒಬ್ಬ ಗರ್ಭಿಣಿಯನ್ನು ಬಾಂಗ್ಲಾದೇಶಿ ಎಂದು ಹಿಡಿದು ಗಡಿ ದಾಟಿಸಿಬಿಟ್ಟರು. ಕಲ್ಕತ್ತಾ ಹೈಕೋರ್ಟ್ ಆ ಕ್ರಮವನ್ನು ರದ್ದು ಮಾಡಿ ವಾಪಸ್ ಕರೆತನ್ನಿ ಎಂದಿತು. ವಿಷಯ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಆಕೆ ಮರಳಿ ಬಂದದ್ದು ಡಿಸೆಂಬರ್‌ನಲ್ಲಿ. ಪೊಲೀಸರು, ಅಧಿಕಾರಿಗಳು ಕಾಗದ ಹಿಡಿದು ನೋಡುವ ಕಡೆಯೇ ಹೀಗಾಗುತ್ತದೆ ಅಂದರೆ, ಓಣಿಯಲ್ಲಿ ಎರಡು ನಿಮಿಷದ ಬೈಟ್ ತೆಗೆದುಕೊಂಡು ತೀರ್ಮಾನಕ್ಕೆ ಬರುವ ಧೈರ್ಯ ನಿಮಗೆ ಎಲ್ಲಿಂದ ಬರುತ್ತದೆ?

ನನ್ನ ಬೇಡಿಕೆ ದೊಡ್ಡದಲ್ಲ. ಇವತ್ತಿನ ಶಿಫ್ಟಿನಿಂದಲೇ ಶುರು ಮಾಡಬಹುದು. ವಲಸಿಗರ ಓಣಿಗೆ ಹೋಗುವ ತಂಡದಲ್ಲಿ ಅವರ ಮಾತು ಬಲ್ಲ ಒಬ್ಬರಿರಲಿ. ಬೆಂಗಳೂರಿನಲ್ಲಿ ಬಂಗಾಳಿ, ಅಸ್ಸಾಮಿ ಬಲ್ಲ ಹುಡುಗ ಹುಡುಗಿಯರಿಗೆ ಬರವಿಲ್ಲ. ಕ್ಯಾಮೆರಾ ಆನ್ ಮಾಡುವ ಮೊದಲು ಒಂದು ಮಾತು ಕೇಳಿ, ಬೇಡ ಅಂದರೆ ಬಿಡಿ. ಆ ಬೇಡ ಅನ್ನುವುದನ್ನೇ ತಪ್ಪೊಪ್ಪಿಗೆ ಅಂತ ತೋರಿಸಬೇಡಿ. ಆಧಾರ್ ಕಾರ್ಡನ್ನು ತೆರೆ ಮೇಲೆ ಹಿಡಿಯುವುದನ್ನು ಪೂರ್ತಿ ನಿಲ್ಲಿಸಿ. ಮಕ್ಕಳ ಮುಖ ಮಸುಕು ಮಾಡಿ. ಓಣಿಯವನಿಗೆ ಹತ್ತು ಪ್ರಶ್ನೆ ಕೇಳಿದರೆ ಜಾಗದ ಮಾಲೀಕನಿಗೆ, ಗುತ್ತಿಗೆದಾರನಿಗೆ, ವಾರ್ಡ್ ಎಂಜಿನಿಯರಿಗೆ ಐದಾದರೂ ಕೇಳಿ. ಸ್ಟುಡಿಯೊದಲ್ಲಿ ಯಾರೇ ಅಂಕಿ ಹೇಳಿದರೂ, ಆಳುವವರಾಗಲಿ ವಿರೋಧ ಪಕ್ಷದವರಾಗಲಿ ಎನ್‌ಜಿಒದವರಾಗಲಿ, ಮೂಲ ಕೇಳಿ. ಮೂಲ ಇಲ್ಲ ಅಂದರೆ ‘ಮೂಲ ಹೇಳಲಿಲ್ಲ’ ಅಂತ ಪಟ್ಟಿಯಲ್ಲಿ ಹಾಕಿ. ಆ ಆರು ಕಿಟಕಿಯಲ್ಲಿ ಒಂದು ಆ ಓಣಿಗೆ ಇರಲಿ.

ಮತ್ತೊಂದು. ಕೋರ್ಟು, ಪೊಲೀಸು, ಯಾರೇ ಆಗಲಿ ನಿಮ್ಮ ಸುದ್ದಿಯನ್ನು ಸುಳ್ಳು ಮಾಡಿದರೆ, ಅದೇ ಹೊತ್ತಿಗೆ, ಅದೇ ಆಂಕರ್ ಬಾಯಲ್ಲಿ, ಅಷ್ಟೇ ನಿಮಿಷ ಅದನ್ನು ಹೇಳಿ. ಯೂಟ್ಯೂಬಿನಲ್ಲಿ ಉಳಿದಿರುವ ಹಳೆಯ ವಿಡಿಯೊದ ಕೆಳಗೂ ಬರೆಯಿರಿ. ಟಿವಿಯಲ್ಲಿ ಮರೆತುಹೋದದ್ದು ಅಲ್ಲಿ ಇನ್ನೂ ಓಡುತ್ತಲೇ ಇರುತ್ತದೆ, ವಾಟ್ಸಾಪಿಗೆ ಹೋಗುತ್ತಲೇ ಇರುತ್ತದೆ. ದೂರು ಕೊಡಬೇಕಾದ ಅಧಿಕಾರಿಯ ಹೆಸರು, ನಂಬರು ದಿನಕ್ಕೊಮ್ಮೆಯಾದರೂ ತೆರೆ ಮೇಲೆ ಬರಲಿ. ಚಿನ್ನದ ದರ ಬರುವ ಜಾಗದಲ್ಲೇ ಸಾಕು.

ಈ ಪತ್ರಕ್ಕೆ ಉತ್ತರ ಕೊಡುವುದಾದರೆ ಇಮೇಲಿನಲ್ಲಿ ಬೇಡ, ರಾತ್ರಿ ಒಂಬತ್ತಕ್ಕೆ ಕೊಡಿ. ನೋಡುತ್ತಿರುತ್ತೇನೆ.

ಇಂತಿ,
ಸಿಂಧನೂರಿನ ಒಬ್ಬ ವೀಕ್ಷಕ,
ಸದ್ಯ ಬೆಂಗಳೂರು